ಅಷ್ಟಮಿಯಂದು ಹಾಸನಕ್ಕೆ ಹೋಗಲಿಲ್ಲ

ಪುಣೆ
4 ಜುಲೈ 2025

ಮಾಲಿನಿ ಅತ್ತಿಗೆಗೆ,

ಎಲ್ಲರೂ ಹೇಗಿದ್ದೀರಿ ಎಂದು ಕೇಳಿ ಶುರು ಮಾಡುವ ತಾಳ್ಮೆ ಇವತ್ತು ನನಗಿಲ್ಲ. ಅಪ್ಪನ ಸ್ಕ್ಯಾನ್ ರಿಪೋರ್ಟನ್ನು ಅಣ್ಣ ನಿನ್ನೆ ಮೊಬೈಲಿಗೆ ಕಳಿಸಿದ. ಬಲಗಡೆ ಶ್ವಾಸಕೋಶದ ಗಡ್ಡೆ ಕರಗಿಲ್ಲ. ಬೆಳೆದಿದೆ.

ಫೋನ್ ಮಾಡದೆ ಕಾಗದ ಯಾಕೆ ಬರೆಯುತ್ತಿದ್ದೇನೆ ಎಂದರೆ, ಫೋನಿನಲ್ಲಿ ನಾನು ಕಿರುಚುತ್ತೇನೆ, ನೀವು ಯಾವಾಗಲೂ ಮಾಡುವ ಹಾಗೆ "ಹೂಂ ಚಕ್ರಿ, ಹೂಂ ಚಕ್ರಿ" ಎಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಹೂಂ ಎಂದರೆ ಸಾಲದು. ಉತ್ತರ ಬರೆಯಲೇಬೇಕು.

ರಿಪೋರ್ಟಿನ ಜೊತೆ ಹಾಸನದ ಆಸ್ಪತ್ರೆಯ ಚಿಕಿತ್ಸೆಯ ಹಾಳೆಯೂ ಬಂತು. ಆರು ವಾರದಲ್ಲಿ ಮುಗಿಯಬೇಕಿದ್ದ ರೇಡಿಯೇಷನ್ ಏಳು ವಾರಕ್ಕೆ ಎಳೆದಿದೆ. ಮಧ್ಯೆ ಮಧ್ಯೆ "ರೋಗಿ ಬಂದಿಲ್ಲ" ಎಂದು ಬರೆದಿದ್ದಾರೆ. ತಪ್ಪಿಸಿಕೊಂಡದ್ದನ್ನೆಲ್ಲ ಕೊನೆಗೆ ಸೇರಿಸಿ ಕೊಟ್ಟಿದ್ದಾರಂತೆ. ಕೊನೆಗೆ ಸೇರಿಸಿದರೆ ಆಯಿತೇ? ಕಿರಣ ಬಿದ್ದ ಮೇಲೆ ಸಾಯಬೇಕಾದ ಕೋಶಕ್ಕೆ ಒಂದು ದಿನ ಬಿಡುವು ಕೊಟ್ಟರೆ ಅದು ಸುಧಾರಿಸಿಕೊಳ್ಳುತ್ತದೆ, ಪಕ್ಕದ್ದು ಎರಡಾಗುತ್ತದೆ. ಅದಕ್ಕೇ ಬಿಡದೆ ಕೊಡುವುದು. ಇದನ್ನು ಜನವರಿಯಲ್ಲಿ ನಿಮಗೆ ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಿದ್ದೆ. ನೀವು ತಲೆ ಆಡಿಸಿದ್ದಿರಿ.

ಅಪ್ಪನನ್ನು ಒಪ್ಪಿಸಲು ನಾನು ಎಷ್ಟು ಗೋಗರೆದೆ ಎನ್ನುವುದು ನಿಮಗೆ ಗೊತ್ತು. "ಬೀಡಿ ಮುಟ್ಟದೆ ಇರೋನ್ಗೆ ಈ ಕಾಯಿಲೆ ಬಂತು ಅಂದ್ರೆ ಬಂದಂಗೆ ಓಗ್ಲಿ ಬುಡು" ಎನ್ನುತ್ತಿದ್ದರು. ಅವರ ಕಾಲು ಹಿಡಿಯುವುದೊಂದು ಬಾಕಿ. ನಾನು ಇಲ್ಲಿ ಪ್ರಯೋಗಾಲಯದಲ್ಲಿ ದಿನಕ್ಕೆ ಹತ್ತು ಗಂಟೆ ಇದೇ ರೋಗದ ಮುಂದೆ ಕೂತಿರುತ್ತೇನೆ, ಅಲ್ಲಿ ಅವರನ್ನು ಬಸ್ಸು ಹತ್ತಿಸುವ ಒಂದೇ ಒಂದು ಕೆಲಸ ನಿಮಗೆ ಬಿಟ್ಟಿದ್ದೆ. ಅಣ್ಣನಿಗೆ ಚನ್ನರಾಯಪಟ್ಟಣದ ಪಾತ್ರೆ ಅಂಗಡಿ ಬಿಟ್ಟು ಬರಲು ಆಗುವುದಿಲ್ಲ, ಸರಿ. ನಿಮಗೇನು ಆಗಿತ್ತು? ಆ ದಿನಗಳಲ್ಲಿ ಎಲ್ಲಿದ್ದಿರಿ?

ಚಕ್ರೇಶ್ವರಿ

*

ಜಿನನಾಥಪುರ
15 ಜುಲೈ 2025

ಚಿ. ಚಕ್ರೇಶ್ವರಿಗೆ ಅತ್ತಿಗೆಯ ಆಶೀರ್ವಾದಗಳು. ಜಯ ಜಿನೇಂದ್ರ.

ನಿನ್ನ ಕಾಗದ ಸಿಕ್ಕಿತು. ಮಾವನವರು ಪಕ್ಕದಲ್ಲೇ ಕೂತಿದ್ದರು, "ಚಕ್ರಿ ಏನ್ ಬರ್ದವ್ಳೆ" ಎಂದು ಕೇಳಿದರು. ನಿಮ್ಮ ಆರೋಗ್ಯ ವಿಚಾರಿಸಿದ್ದಾಳೆ ಎಂದೆ.

ಕೆಮ್ಮು ಬೆಳಗಿನ ಹೊತ್ತು ಜಾಸ್ತಿ. ಹೊತ್ತು ಮುಳುಗುವುದಕ್ಕೆ ಮುಂಚೆ ಎರಡು ಚಪಾತಿ ತಿನ್ನುತ್ತಾರೆ, ಆಮೇಲೆ ನೀರೂ ಇಲ್ಲ. ಹಾಸನದ ಡಾಕ್ಟರು ಇನ್ನು ಡ್ರಿಪ್ಪಿನಲ್ಲಿ ಔಷಧಿ ಏರಿಸೋಣ ಎಂದಿದ್ದಾರೆ. ನೀನು ಹೇಳಿದ ಹಾಗೆ ಮಾಡೋಣ ಎಂದು ನಿಮ್ಮಣ್ಣ ಹೇಳುತ್ತಿದ್ದಾರೆ.

ಆ ದಿನಗಳ ವಿಷಯ ಕೇಳಿದ್ದೀಯ. ಬಸ್ಸಿನ ತೊಂದರೆ ಆಗಿತ್ತು. ಬೆಳಗೊಳದಿಂದ ಚನ್ನರಾಯಪಟ್ಟಣಕ್ಕೆ ಬಂದು, ಅಲ್ಲಿಂದ ಹಾಸನದ ಬಸ್ಸು ಹಿಡಿಯಬೇಕು. ಒಂದೊಂದು ದಿನ ಆಗಲಿಲ್ಲ. ಅಷ್ಟೇ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಕಿರಣ ಕೊಟ್ಟರೂ ಕೆಲವರಿಗೆ ಯಾಕೆ ನಾಟುವುದಿಲ್ಲ ಎನ್ನುವುದನ್ನೇ ನೀನು ಓದುತ್ತಿರುವುದು ಅಲ್ಲವೇ? ನನಗೆ ತಿಳಿಯುವ ಹಾಗೆ ಅದನ್ನು ಬರೆ. ಬಾಗೂರಿನ ಅತ್ತೆ, ಮಾವನವರ ಅಕ್ಕ, ಬಂದಾಗಲೆಲ್ಲ "ಕರೆಂಟ್ ಕೊಡ್ಸುದ್ರೂ ಯಾಕ್ ಕರಗ್ನಿಲ್ಲ" ಎಂದು ನನ್ನನ್ನೇ ಕೇಳುತ್ತಾರೆ.

ಮಾಲಿನಿ

*

ಪುಣೆ
28 ಜುಲೈ 2025

ಅತ್ತಿಗೆ,

ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಬೈಯುವುದನ್ನು ಆಮೇಲೆ.

ನಮ್ಮ ಪ್ರತಿ ಕೋಶದ ಒಳಗೆ ಡಿಎನ್‌ಎ ಇದೆ. ಅದು ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಏನೇನು ಆಗಬೇಕು ಎನ್ನುವುದನ್ನು ಚೀಟಿ ಬರೆದು ಹೊರಗೆ ಕಳಿಸುತ್ತದೆ, ಹೊರಗಿನವರು ಚೀಟಿ ಓದಿ ಕೆಲಸ ಮಾಡುತ್ತಾರೆ. ಮೈಕ್ರೋ ಆರ್‌ಎನ್‌ಎ ಎನ್ನುವುದು ಒಂದು ಚೂರು. ಅದು ತಾನಾಗಿ ಏನನ್ನೂ ತಯಾರಿಸುವುದಿಲ್ಲ. ತನಗೆ ಹೊಂದುವ ಚೀಟಿ ಸಿಕ್ಕರೆ ಹೋಗಿ ಅಂಟಿಕೊಳ್ಳುತ್ತದೆ, ಆ ಚೀಟಿಯನ್ನು ಆಮೇಲೆ ಯಾರೂ ಓದಲಾಗುವುದಿಲ್ಲ. ಆರೋಗ್ಯವಾಗಿರುವ ಕೋಶಕ್ಕೂ ಇದು ಬೇಕು, ಎಲ್ಲ ಚೀಟಿಯನ್ನೂ ಎಲ್ಲ ಹೊತ್ತಿನಲ್ಲೂ ಓದುತ್ತಾ ಕೂತರೆ ಆಗುವುದಿಲ್ಲವಲ್ಲ.

ರೇಡಿಯೇಷನ್ ಮಾಡುವುದು ಡಿಎನ್‌ಎಯನ್ನು ತುಂಡರಿಸುವ ಕೆಲಸ. ತುಂಡಾದ ಕೋಶ ಸಾಯಬೇಕು. ಆದರೆ ಕೆಲವು ಗಡ್ಡೆಗಳಲ್ಲಿ "ಬೆಳೆಯುವುದನ್ನು ನಿಲ್ಲಿಸು, ಸಾಯಿ" ಎನ್ನುವ ಚೀಟಿಗಳ ಮೇಲೆಯೇ ಈ ಚೂರುಗಳು ಗುಂಪು ಗುಂಪಾಗಿ ಕೂತಿರುತ್ತವೆ. ಆಗ ಕಿರಣ ಎಷ್ಟು ಹೊಡೆದರೂ ಕೋಶ ತನ್ನ ಹರಿದದ್ದನ್ನು ತಾನೇ ಹೊಲಿದುಕೊಂಡು ಎದ್ದು ಕೂರುತ್ತದೆ. ಯಾವ ಚೂರು ಯಾವ ಗಡ್ಡೆಯಲ್ಲಿ ಎಷ್ಟಿದೆ ಎಂದು ಮೊದಲೇ ತಿಳಿದರೆ ಯಾರಿಗೆ ರೇಡಿಯೇಷನ್ ನಾಟುತ್ತದೆ, ಯಾರಿಗೆ ಇಲ್ಲ ಎಂದು ಒಂದು ದಿನ ಹೇಳಬಹುದು. ಇವತ್ತಿಗೆ ಅದು ನಮ್ಮ ಪ್ರಯೋಗಾಲಯದ ಮಾತು, ಅದನ್ನು ನೋಡಿ ಡಾಕ್ಟರು ಚಿಕಿತ್ಸೆ ಬದಲಿಸುವ ಹಾಗಿಲ್ಲ.

ತಿಳಿಯಿತೇ? ತಿಳಿದಿದ್ದರೆ ಇದರ ಹಿಂದೆ ಅವಿತುಕೊಳ್ಳಬೇಡಿ. ನನ್ನ ಓದು ನಿಮಗೆ ನೆಪ ಆಗಲು ನಾನು ಬಿಡುವುದಿಲ್ಲ.

ಬಸ್ಸಿನ ತೊಂದರೆ ಎಂದಿರಿ. ನಾನೂ ಬಸದಿಯ ಗಂಟೆ ಕೇಳಿಕೊಂಡು ಬೆಳೆದವಳು ಅತ್ತಿಗೆ. ಆ ಹಾಳೆಯನ್ನು ಪಂಚಾಂಗದ ಪಕ್ಕ ಇಟ್ಟುಕೊಂಡು ನೋಡಿದೆ. ಫೆಬ್ರುವರಿ ಐದು, ಅಷ್ಟಮಿ. ಹನ್ನೊಂದು, ಚತುರ್ದಶಿ. ಮುಂದಿನವೂ ಹಾಗೆಯೇ. ಹಾಸನದ ಬಸ್ಸು ಅಷ್ಟಮಿ ಚತುರ್ದಶಿ ನೋಡಿಕೊಂಡು ಕೆಟ್ಟು ನಿಲ್ಲುತ್ತದೆಯೇ?

ಉಪವಾಸದ ದಿನ ಅವರನ್ನು ಮನೆಯಲ್ಲಿ ಉಳಿಸಿಕೊಂಡಿರಿ. ಮುನಿಗಳಿಗೆ ಆಹಾರ ಕೊಡುವುದು, ವ್ರತ ಹಿಡಿಯುವುದು, ಇವೆಲ್ಲ ನಿಮಗೆ ಎಷ್ಟು ಮುಖ್ಯ ಎಂದು ನನಗೆ ಗೊತ್ತು. ನಿಮ್ಮ ಪುಣ್ಯಕ್ಕೆ ನೀವು ಉಪವಾಸ ಮಾಡಿ, ಯಾರು ಬೇಡ ಎಂದರು? ನನ್ನ ಅಪ್ಪನ ಶ್ವಾಸಕೋಶವನ್ನು ಅದರೊಳಗೆ ಯಾಕೆ ಎಳೆದಿರಿ? ನನಗೆ ಸುಳ್ಳು ಹೇಳಿದ್ದಕ್ಕೆ ಎಷ್ಟು ಕೋಪ ಬಂದಿದೆ ಎಂದರೆ, ಈ ಕಾಗದ ಎರಡು ಸಲ ಹರಿದು ಮೂರನೇ ಸಲ ಬರೆಯುತ್ತಿದ್ದೇನೆ.

ಚಕ್ರೇಶ್ವರಿ

*

ಜಿನನಾಥಪುರ
8 ಸೆಪ್ಟೆಂಬರ್ 2025
ಕ್ಷಮಾವಾಣಿ

ಚಿ. ಚಕ್ರೇಶ್ವರಿಗೆ,

ಹತ್ತು ದಿನದ ಪರ್ವ ಮುಗಿದು ಇಂದು ಎಲ್ಲರಲ್ಲೂ ಕ್ಷಮೆ ಕೇಳುವ ದಿನ. ಕಳೆದ ವರ್ಷದಲ್ಲಿ ಮನಸ್ಸಿನಿಂದ, ಮಾತಿನಿಂದ, ದೇಹದಿಂದ, ತಿಳಿದೋ ತಿಳಿಯದೆಯೋ ನನ್ನಿಂದ ನಿನಗೆ ನೋವಾಗಿದ್ದರೆ ಕ್ಷಮಿಸಬೇಕು. ಮಾವನವರ ವಿಷಯದಲ್ಲಿ ನನ್ನಿಂದ ಏನಾದರೂ ಕೊರತೆ ಆಗಿದ್ದರೆ ಅದಕ್ಕೂ ಕ್ಷಮೆ ಇರಲಿ. ನನ್ನ ಕಡೆಯಿಂದ ಎಲ್ಲರಿಗೂ ಕ್ಷಮೆ ಇದೆ.

ಮಾಲಿನಿ

*

ಪುಣೆ
17 ಸೆಪ್ಟೆಂಬರ್ 2025

ಅತ್ತಿಗೆ,

ನನ್ನ ಜುಲೈ ಕಾಗದಕ್ಕೆ ಒಂದೂವರೆ ತಿಂಗಳು ಉತ್ತರ ಇಲ್ಲ. ಆಮೇಲೆ ಬಂದದ್ದು ಇದು. ಊರಿನವರಿಗೆಲ್ಲ ಬರೆಯುವ ಸಾಲುಗಳ ಮಧ್ಯೆ ಅಪ್ಪನ ವಿಷಯಕ್ಕೆಂದೇ ಒಂದು ಸಾಲು ಸೇರಿಸಿದ್ದೀರಿ. ಮುಖ ಕೊಟ್ಟು ಒಪ್ಪಿಕೊಳ್ಳಲು ಧೈರ್ಯ ಸಾಲದೆ ಪರ್ವದ ಹಿಂದೆ ನಿಂತು ಒಪ್ಪಿಕೊಂಡಿದ್ದೀರಿ.

ಒಪ್ಪಿಕೊಂಡಿರಲ್ಲ, ಅಷ್ಟು ಸಾಕು. ಆ ಕಾಗದದ ಫೋಟೋ ತೆಗೆದು ಅಣ್ಣನಿಗೆ ಕಳಿಸಿದ್ದೇನೆ. "ಅಪ್ಪನ ಚಿಕಿತ್ಸೆ ಯಾಕೆ ಕೆಟ್ಟಿತು ಎಂದು ನನ್ನನ್ನು ಕೇಳುತ್ತಿದ್ದೆಯಲ್ಲ, ನಿನ್ನ ಹೆಂಡತಿಯೇ ಬರೆದಿದ್ದಾಳೆ ಓದು" ಎಂದು ಬರೆದಿದ್ದೇನೆ. ಈ ವಿಷಯ ಮನೆಯಲ್ಲಿ ತಿಳಿಯಬೇಕಿತ್ತು, ತಿಳಿಯಿತು.

ನಾನು ಕ್ಷಮಿಸಿಲ್ಲ.

ಚಕ್ರೇಶ್ವರಿ

*

ಜಿನನಾಥಪುರ
5 ಅಕ್ಟೋಬರ್ 2025

ಚಕ್ರೇಶ್ವರಿ,

ಆಶೀರ್ವಾದ ಗೀಶೀರ್ವಾದ ಈ ಸಲ ಇಲ್ಲ.

ನಿನ್ನ ಫೋಟೋ ಬಂದ ದಿನ ಏನಾಯಿತು ಎಂದು ಬರೆಯುತ್ತೇನೆ, ಪೂರ್ತಿ ಓದು. ನಿಮ್ಮಣ್ಣ ಅಂಗಡಿಯಿಂದ ಬಂದರು. ಬಾಗೂರತ್ತೆ ಮನೆಯಲ್ಲೇ ಇದ್ದರು. ನನಗೆ ಏನೂ ಹೇಳದೆ ಫೋನನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಕನ್ನಡಕ ಹಾಕಿಕೊಂಡು ನನ್ನ ಕೈಬರಹವನ್ನೇ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, "ಏನವ್ವಾ, ಬರ್ದು ಒಪ್ಕಂಡಿದ್ದೀಯಲ್ಲ, ಅವುನ್ನ ಯಾಕ್ ಅಂಗ್ ಮಾಡ್ದೆ? ಕೈ ಇಡ್ಕಂಡ್ ಬಸ್ ಅತ್ಸೋಕೆ ಆಗ್ನಿಲ್ವಾ ನಿಂಗೆ?" ಎಂದರು. ನಾನು ನಿಮ್ಮಣ್ಣನ ಮುಖ ನೋಡಿದೆ. ಅವರು ಕಾಲು ತೊಳೆಯಲು ಹಿತ್ತಲಿಗೆ ಹೋದರು.

ಅವತ್ತಿನಿಂದ ನಿಮ್ಮಣ್ಣ ನನ್ನ ಕೈಯಿಂದ ಬಡಿಸಿಕೊಂಡು ಉಂಡಿಲ್ಲ. ಅಡುಗೆಮನೆಯನ್ನು ಅತ್ತೆ ಹಿಡಿದುಕೊಂಡಿದ್ದಾರೆ. ಚಾತುರ್ಮಾಸಕ್ಕೆ ಬೆಳಗೊಳಕ್ಕೆ ಬಂದಿರುವ ಮುನಿಗಳಿಗೆ ನಮ್ಮ ಮನೆಯಲ್ಲಿ ಆಹಾರ ಕೊಡುವ ಸರದಿ ಹೋದ ವಾರ ಬಂತು. ಮದುವೆಯಾಗಿ ಬಂದಾಗಿನಿಂದ ಆ ಅಡುಗೆ ನಾನೇ ಮಾಡಿರುವುದು, ನೀರು ಸೋಸುವುದರಿಂದ ಹಿಡಿದು. ಈ ಸಲ ಅತ್ತೆ, "ಮಾವನ್ ಪ್ರಾಣುದ್ ವಿಸ್ಯ ಕಣವ್ವ, ನಿನ್ ಕೈ ಸುದ್ದ ಅಲ್ಲ, ನೀ ವಸಿ ಆಚೆಗಿರು" ಎಂದರು. ಪಡಸಾಲೆಯ ಬಾಗಿಲಲ್ಲಿ ಒಬ್ಬಳೇ ನಿಂತುಕೊಂಡೆ. ಬಂದಿದ್ದ ನೆಂಟರೆಲ್ಲ ನೋಡಿದರು. ನಾನು ಸತ್ತಿದ್ದರೆ ಚೆನ್ನಾಗಿತ್ತು ಎನಿಸಿತು, ಆಮೇಲೆ ನಾನ್ಯಾಕೆ ಸಾಯಲಿ ಎನಿಸಿತು.

ಕ್ಷಮಾವಾಣಿಯ ದಿನ ನಾವು ಯಾರ ಹತ್ತಿರ ಕ್ಷಮೆ ಕೇಳುವುದಿಲ್ಲ ಹೇಳು? ಹಾಲು ಕೊಡುವ ಗಂಗಯ್ಯನಿಗೂ ಕೈ ಮುಗಿದು ಕೇಳಿದೆ. ನಾನು ಅವನ ಹಾಲು ಕದ್ದೆನೇ? ನೀನೂ ಈ ಮನೆಯಲ್ಲೇ ಹುಟ್ಟಿದವಳು. ಆ ದಿನದ ಕಾಗದವನ್ನು ತಪ್ಪೊಪ್ಪಿಗೆ ಎಂದು ಓದಲು ನಿನಗೆ ಹೇಗೆ ಮನಸ್ಸು ಬಂತು?

ಈಗ ನಿಜ ಕೇಳು. ಇಷ್ಟು ದಿನ ಹೇಳಲಿಲ್ಲ, ಮಾವನವರಿಗೆ ಮಾತು ಕೊಟ್ಟಿದ್ದೆ.

ಆ ಮೊದಲ ಅಷ್ಟಮಿಯ ದಿನ ನಾವಿಬ್ಬರೂ ಮನೆಯಿಂದ ಹೊರಟೆವು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿಗೂ ಬಂದೆವು. ಹಾಸನದ ಬಸ್ಸು ನಿಂತಿತ್ತು. ಮಾವನವರು ಕಲ್ಲಿನ ಬೆಂಚಿನ ಮೇಲೆ ಕೂತುಬಿಟ್ಟರು. "ಇವತ್ತು ಅಷ್ಟಮಿ ಕಣಮ್ಮ. ಹನಿ ನೀರೂ ಕುಡಿದಿಲ್ಲ. ಆಸ್ಪತ್ರೆ ಮುಟ್ಕಂಡ್ ಬಂದು ಬಸದಿಗೆ ಹೋಗೋದ್ ಹೆಂಗೆ? ಇವತ್ತೊಂದಿನ ಬುಟ್ಬುಡು" ಎಂದರು. ಬೇಡ ಮಾವ, ಬಿಡಬಾರದು ಎಂದು ಚಕ್ರಿ ಹೇಳಿದ್ದಾಳೆ ಎಂದೆ. ಕೈ ಹಿಡಿದು ಎಬ್ಬಿಸಲು ನೋಡಿದೆ, ಕೊಡವಿಕೊಂಡರು. ಕಂಡಕ್ಟರು "ಬರ್ತೀರೇನಮ್ಮ, ಇಲ್ವೇನಮ್ಮ" ಎಂದು ಕೂಗಿದ. ನಾಲ್ಕು ಜನರ ಮುಂದೆ ಮಾವನನ್ನು ಎಳೆದಾಡುವ ಸೊಸೆ ನಾನಾಗಬೇಕಿತ್ತೇ? ಬಸ್ಸು ಹೋಯಿತು. ಆಮೇಲೆ ಅವರು, "ಚಕ್ರಿಗೆ ಯೋಳ್ಬ್ಯಾಡ. ಅವ್ಳು ಉಪವಾಸಾನೇ ಬುಡುಸ್ತಾಳೆ" ಎಂದರು. ನಿನ್ನ ಅಪ್ಪ ನಿನಗೆ ಹೆದರುತ್ತಾರೆ, ಗೊತ್ತಿರಲಿ.

ಆ ದಿನವೇ ನಿಮ್ಮಣ್ಣನಿಗೆ ಹೇಳಿದೆ. ಅಂಗಡಿಯಲ್ಲಿ ಕೊಳಗ ಒರೆಸುತ್ತಾ, "ಅಪ್ಪುನ್ ನೇಮ ಅದು, ನಾನ್ಯಾಕ್ ಅಡ್ಡ ಬರ್ಲಿ" ಎಂದರು. ಮುಂದಿನ ಅಷ್ಟಮಿ ಚತುರ್ದಶಿಗಳಲ್ಲೂ ಮಾವನವರು ಬಸ್ಸು ಹತ್ತಲಿಲ್ಲ. ನಿಮ್ಮಣ್ಣನಿಗೆ ಈಗ ಅದು ನೆನಪಿಲ್ಲ. ಮಾವನವರಿಗೂ ನೆನಪಿಲ್ಲ. ಅತ್ತೆ ನನ್ನನ್ನು ಆಚೆಗಿರು ಎಂದಾಗ ಅವರು ಅಲ್ಲೇ ಮಣೆಯ ಮೇಲೆ ಕೂತು ನೆಲ ನೋಡುತ್ತಿದ್ದರು. ಅವರ ಕಫದ ಬಟ್ಟಲು ತೊಳೆಯುವುದು ಇದೇ ಕೈ, ಅದು ಅಶುದ್ಧ ಆಗಿರುವುದು ಅಡುಗೆಗೆ ಮಾತ್ರ.

ಇನ್ನೊಂದು. ರೇಡಿಯೇಷನ್ ರೂಮಿನ ಹೊರಗೆ ಹೊಳೆನರಸೀಪುರದ ಧನಲಕ್ಷ್ಮಿ ಎಂಬವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ಅವಳಿಗೂ ಶ್ವಾಸಕೋಶದ್ದೇ. ಒಂದು ದಿನವೂ ತಪ್ಪಿಸಲಿಲ್ಲ. ಯುಗಾದಿಯ ಮುಂಚೆ ಮುಗಿಸಿ ಹೋದಳು, ಶ್ರಾವಣದಲ್ಲಿ ತೀರಿಕೊಂಡಳು. ಅವಳ ಮನೆಯಲ್ಲಿ ಯಾರನ್ನು ಅಡುಗೆಮನೆಯಿಂದ ಆಚೆ ಹಾಕಿದರು?

ನೀನು ಮಾರ್ಚಿನಲ್ಲಿ ಫೋನ್ ಮಾಡಿ, ಅಪ್ಪನ ಗಡ್ಡೆಯಿಂದ ತೆಗೆದ ತುಣುಕು ಆಸ್ಪತ್ರೆಯಲ್ಲಿ ಮೇಣದೊಳಗೆ ಇರುತ್ತದೆ, ಕೇಳಿ ಇಸಿದುಕೊಂಡು ಕಳಿಸಿ, ಇಲ್ಲಿ ಪರೀಕ್ಷೆ ಮಾಡುತ್ತೇವೆ ಎಂದಿದ್ದೆ. ಮಾವನವರ ಸಹಿ ಹಾಕಿಸಿ, ಹಾಸನದಲ್ಲಿ ಎರಡು ದಿನ ಅಲೆದು, ಕೊರಿಯರ್ ಮಾಡಿದವಳು ನಾನು. ಅದರಲ್ಲಿ ಏನು ಕಂಡಿತು? ಆರು ತಿಂಗಳಾಯಿತು. ಚೀಟಿ, ಚೂರು ಎಂದು ಎಲ್ಲ ಬರೆದೆ, ಅದನ್ನು ಮಾತ್ರ ಬರೆಯಲಿಲ್ಲ. ಬರೆ ಈಗ.

ಮಾಲಿನಿ

*

ಪುಣೆ
20 ಅಕ್ಟೋಬರ್ 2025

ಅತ್ತಿಗೆ,

ಅಣ್ಣ ಹೀಗೆ ಮಾಡುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ. ಅವನಿಗೆ ಗೊತ್ತಿತ್ತು ಎನ್ನುವುದೂ ನನಗೆ ಗೊತ್ತಿರಲಿಲ್ಲ. ಅಪ್ಪನ ಮೇಲೆ ಬಂದಿರುವ ಕೋಪವನ್ನು ಎಲ್ಲಿ ಇಡಲಿ ತಿಳಿಯುತ್ತಿಲ್ಲ.

ಪರೀಕ್ಷೆಯ ವಿಷಯ ಕೇಳಿದ್ದೀರಿ. ಫಲಿತಾಂಶ ಮೇ ತಿಂಗಳಲ್ಲೇ ಬಂತು. ನಾನು ಹೇಳಿದೆನಲ್ಲ, ಸಾಯುವ ಚೀಟಿಯ ಮೇಲೆ ಕೂರುವ ಚೂರು, ಅದು ಅಪ್ಪನ ಗಡ್ಡೆಯಲ್ಲಿ ತುಂಬಾ ಇದೆ. ನಾವು ನೋಡಿರುವ ಗಡ್ಡೆಗಳಲ್ಲಿ ಅಷ್ಟು ಇರುವಂಥವು ಕೆಲವೇ. ಮೇಣದಲ್ಲಿದ್ದದ್ದು ರೇಡಿಯೇಷನ್ ಶುರುವಾಗುವುದಕ್ಕೆ ಮುಂಚೆ ತೆಗೆದ ಗಡ್ಡೆಯ ತುಣುಕು. ಅಂದರೆ ಮೊದಲ ದಿನವೇ ಗಡ್ಡೆ ಹಾಗಿತ್ತು. ಒಂದು ದಿನವೂ ತಪ್ಪಿಸದೆ ಹೋಗಿದ್ದರೂ ಅದು ಕರಗದೆ ಇರಬಹುದಿತ್ತು.

ಆದರೆ ನಾನು ಸುಳ್ಳು ಬರೆಯಲಾರೆ. ಬಿಡುವು ಕೊಟ್ಟದ್ದರಿಂದಲೂ ಸ್ವಲ್ಪ ಕೆಟ್ಟಿರಬಹುದು. ಸಾವಿರ ಜನರನ್ನು ಒಟ್ಟಿಗೆ ನೋಡಿದರೆ ಇದರಿಂದ ಇಷ್ಟು, ಅದರಿಂದ ಅಷ್ಟು ಎಂದು ಹೇಳುತ್ತೇವೆ. ಒಬ್ಬ ಮನುಷ್ಯನನ್ನು ಮುಂದೆ ನಿಲ್ಲಿಸಿಕೊಂಡು, ಇವನ ಗಡ್ಡೆ ಇದರಿಂದಲೇ ಉಳಿಯಿತು ಎಂದು ಯಾರಿಗೂ ಹೇಳಲು ಬರುವುದಿಲ್ಲ. ನನಗೂ ಬರುವುದಿಲ್ಲ.

ಅಣ್ಣನಿಗೆ ಫೋನ್ ಮಾಡಿ ಸಮಾಧಾನ ಹೇಳುತ್ತೇನೆ. ನೀವು ಸ್ವಲ್ಪ ತಾಳಿಕೊಳ್ಳಿ.

ಚಕ್ರೇಶ್ವರಿ

*

ಜಿನನಾಥಪುರ
3 ನವೆಂಬರ್ 2025

ಚಕ್ರೇಶ್ವರಿ,

ತಾಳಿಕೊಳ್ಳಬೇಕಂತೆ! ಹೊಗೆಯ ಒಲೆಯ ಮುಂದೆ ಕೂತವಳಿಗೆ ಪುಣೆಯಿಂದ ಬೀಸಣಿಗೆ ಬೀಸುತ್ತಿದ್ದೀಯ.

ನೀನು ಹೇಳಿದ್ದು ನನಗೆ ತಿಳಿಯಿತು. ಇರಬಹುದು, ಇಲ್ಲದೆಯೂ ಇರಬಹುದು. ನಿನ್ನ ವಿದ್ಯೆಗೆ ಅಷ್ಟೇ ಗೊತ್ತು, ಅದಕ್ಕೆ ನಾನು ಬೈಯುವುದಿಲ್ಲ. ಆದರೆ ಜುಲೈ ಕಾಗದ ತೆಗೆದು ನೋಡಿದೆ, ಅದರಲ್ಲಿ ಒಂದು ಕಡೆಯೂ "ಇರಬಹುದು" ಎಂದಿಲ್ಲ. ನಿಮ್ಮಣ್ಣನಿಗೆ ಫೋಟೋ ಕಳಿಸಿದಾಗ "ಇರಬಹುದು" ಎಂದು ಬರೆದೆಯಾ? ನನ್ನ ತಲೆಗೆ ಕಟ್ಟುವಾಗ ಎಲ್ಲ ಖಚಿತವಾಗಿತ್ತು. ಇಳಿಸಬೇಕಾದಾಗ ಮಾತ್ರ ಸಾವಿರ ಜನರ ಲೆಕ್ಕ ಬಂತು.

ಮೇ ತಿಂಗಳಲ್ಲಿ ನಿನಗೆ ಗೊತ್ತಿತ್ತು. ನನ್ನನ್ನು ಬೈದದ್ದು ಜುಲೈನಲ್ಲಿ. ಯಾಕೆ ಹಾಗೆ ಮಾಡಿದೆ ಎಂದು ನಾನೇ ಹೇಳುತ್ತೇನೆ. ರೇಡಿಯೇಷನ್ ಮಾಡಿಸಲೇಬೇಕು ಎಂದು ಹಟ ಹಿಡಿದವಳು ನೀನು. ಮೊದಲ ದಿನವೇ ಅದು ನಾಟುವ ಗಡ್ಡೆ ಅಲ್ಲ ಎಂದರೆ ಏಳು ವಾರ ಅವರಿಗೆ ಗಂಟಲು ಸುಟ್ಟು, ಗಂಜಿ ಇಳಿಯದೆ ಪಟ್ಟ ಪಾಡೆಲ್ಲ ದಂಡ ಎಂದಾಯಿತು. ಅದನ್ನು ಹೊರಲು ನಿನ್ನಿಂದ ಆಗಲಿಲ್ಲ. ಕೈಗೆ ಸಿಕ್ಕವಳು ನಾನು. ಮಾವನವರಿಗೂ ಕೈಗೆ ಸಿಕ್ಕವಳು ನಾನು. ನಿಮ್ಮಣ್ಣನಿಗೂ ನಾನೇ. ಈ ಮನೆಯವರ ತಪ್ಪೆಲ್ಲ ಇಡಲು ನಾನು ಬಂದಿದ್ದೇನೆಯೇ?

ನೀನು ಫೋನ್ ಮಾಡಿದ್ದನ್ನು ನಿಮ್ಮಣ್ಣ ಹೇಳಿದರು. "ಚಕ್ರಿ ಏನೋ ಸೂಕ್ಷ್ಮ ಚೂರು ಅಂತಾವ್ಳೆ" ಎಂದರು. ಬಾಗೂರತ್ತೆ, "ಅದೇ ಕಣೋ ಕರ್ಮ ಅನ್ನೋದು. ಅಂಟ್ಕಂಡ್ಮೇಲೆ ಸುಮ್ಕೆ ಬುಟ್ಟೋಗ್ತದಾ? ಇವ್ಳ ಕೈಲಿ ಅಂಟ್ತು" ಎಂದರು. ಸೂಕ್ಷ್ಮವಾದ ಕರ್ಮ ಆತ್ಮಕ್ಕೆ ಅಂಟುತ್ತದೆ ಎಂದು ನಾನೂ ಪಾಠಶಾಲೆಯಲ್ಲಿ ಓದಿದ್ದೇನೆ. ಅದು ಮಾಡಿದವನಿಗೆ ಅಂಟುತ್ತದೆ, ಸೊಸೆಯ ಕೈಯಿಂದ ಮಾವನ ಶ್ವಾಸಕೋಶಕ್ಕೆ ಅಂಟುತ್ತದೆ ಎಂದು ಯಾವ ಮುನಿಗಳೂ ಹೇಳಿದ್ದನ್ನು ನಾನು ಕೇಳಿಲ್ಲ. ಇದನ್ನು ಅತ್ತೆಗೆ ಮುಖದ ಮೇಲೆ ಹೇಳಿದೆ. ಮೊದಲ ಸಲ.

ಸಮಾಧಾನ ಬೇಡ. ಕಾಗದದಲ್ಲಿ ಹೊರಿಸಿದೆ, ಕಾಗದದಲ್ಲೇ ಇಳಿಸು. ಎಲ್ಲರ ಮುಂದೆ ಓದುವ ಹಾಗೆ ಬರೆ. ಗಡ್ಡೆಯ ವಿಷಯದಲ್ಲಿ ನಿನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆ ಎಂದು ನಾನು ಕೇಳುತ್ತಿಲ್ಲ. ನನ್ನ ವಿಷಯದಲ್ಲಿ ಗೊತ್ತಿರುವುದನ್ನು ಬರೆ. ಅದು ಬರುವ ತನಕ ನಾನು ಮಾವನವರ ಕೆಲಸ ಬಿಡುವುದಿಲ್ಲ, ಅವರು ಎಷ್ಟೇ ನೆಲ ನೋಡಲಿ. ಡ್ರಿಪ್ ಶುರುವಾಗಿದೆ, ನಾನೇ ಕರೆದುಕೊಂಡು ಹೋಗಿದ್ದೆ.

ಮಾಲಿನಿ

*

ಪುಣೆ
12 ನವೆಂಬರ್ 2025

ಅತ್ತಿಗೆ,

ನೀವು ಹೇಳಿದ್ದು ನಿಜ. ಮೇ ತಿಂಗಳಲ್ಲಿ ಆ ಫಲಿತಾಂಶ ನೋಡಿ ಕಂಪ್ಯೂಟರ್ ಮುಚ್ಚಿದೆ. ಅಪ್ಪನನ್ನು ಒಪ್ಪಿಸಿದವಳು ನಾನು. ಜುಲೈನಲ್ಲಿ ಆ ಹಾಳೆಯ ಮೇಲೆ "ರೋಗಿ ಬಂದಿಲ್ಲ" ಎಂದು ಕಂಡಾಗ ನನಗೆ ಕೋಪ ಬಂದದ್ದಕ್ಕಿಂತ ಮೊದಲು ಹಗುರ ಎನಿಸಿತು. ಅದನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಬೇಕು ಎನಿಸುತ್ತದೆ. ಇದಕ್ಕಿಂತ ಹೆಚ್ಚು ಬರೆದರೆ ನಿಮ್ಮಿಂದ ಸಮಾಧಾನ ಕೇಳಿದ ಹಾಗಾಗುತ್ತದೆ, ಆದ್ದರಿಂದ ಬರೆಯುವುದಿಲ್ಲ.

ಅಣ್ಣನಿಗೆ ಇವತ್ತು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದನ್ನು ನಿಮಗೂ ಬರೆಯುತ್ತಿದ್ದೇನೆ:

"ಮಹಾವೀರಣ್ಣ, ಇದನ್ನು ಅಪ್ಪ, ಬಾಗೂರತ್ತೆ, ಅತ್ತಿಗೆ ಎಲ್ಲರೂ ಇರುವಾಗ ಗಟ್ಟಿಯಾಗಿ ಓದು. ಅಪ್ಪನ ಗಡ್ಡೆ ರೇಡಿಯೇಷನ್ನಿಗೆ ಬಗ್ಗದ ಜಾತಿಯದು ಎನ್ನುವ ಗುರುತು ಚಿಕಿತ್ಸೆಗೆ ಮುಂಚೆಯೇ ಅದರೊಳಗೆ ಇತ್ತು. ತಪ್ಪಿದ ದಿನಗಳಿಂದ ಎಷ್ಟು ಕೆಟ್ಟಿತು ಎಂದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿರುವುದು ಇಷ್ಟು. ಆ ದಿನಗಳನ್ನು ತಪ್ಪಿಸಿದ್ದು ಅತ್ತಿಗೆ ಅಲ್ಲ, ಅಪ್ಪ. ನಿನಗೆ ಅವತ್ತೇ ತಿಳಿದಿತ್ತು, ನೀನು ಸುಮ್ಮನಿದ್ದೆ. ಪರೀಕ್ಷೆಯ ಫಲಿತಾಂಶ ಮೇ ತಿಂಗಳಿನಿಂದ ನನ್ನ ಹತ್ತಿರ ಇತ್ತು, ನಾನೂ ಸುಮ್ಮನಿದ್ದೆ. ಅತ್ತಿಗೆ ಬರೆದದ್ದು ಕ್ಷಮಾವಾಣಿಯ ಕಾಗದ, ನಾನು ಅದನ್ನು ತಪ್ಪೊಪ್ಪಿಗೆ ಎಂದು ಸುಳ್ಳು ಹೇಳಿದೆ. ಅವರನ್ನು ಅಡುಗೆಮನೆಯಿಂದ ಆಚೆ ಇರಿಸಿದ್ದು ಅನ್ಯಾಯ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ."

ಚಕ್ರೇಶ್ವರಿ

*

ಜಿನನಾಥಪುರ
24 ನವೆಂಬರ್ 2025

ಚಕ್ರಿ,

ಸ್ಪೀಡ್ ಪೋಸ್ಟಿನ ಕಾಗದ ಅಂಗಡಿಗೆ ಬಂದಿತ್ತು. ನಿಮ್ಮಣ್ಣ ಅದನ್ನು ಮೂರು ದಿನ ಗಲ್ಲಾದಲ್ಲಿ ಇಟ್ಟುಕೊಂಡಿದ್ದರು. ನನಗೆ ಬರೆದ ಪ್ರತಿ ನನ್ನ ಹತ್ತಿರ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಿನ್ನೆ ಭಾನುವಾರ, ಎಲ್ಲರೂ ಪಡಸಾಲೆಯಲ್ಲಿದ್ದರು. ನೀವು ಓದುತ್ತೀರೋ, ನಾನು ಓದಲೋ ಎಂದು ಕೇಳಿದೆ. ನಾನೇ ಓದಿದೆ, ಒಂದು ಅಕ್ಷರ ಬಿಡದೆ.

ಬಾಗೂರತ್ತೆ ಮಾವನವರ ಕಡೆ ತಿರುಗಿ, "ಸುಪಾರ್ಶ್ವ, ಇವ್ಳು ಓದಿದ್ದು ದಿಟವೇನ್ಲಾ?" ಎಂದರು. ಮಾವನವರು ಬಹಳ ಹೊತ್ತು ಕೆಮ್ಮಿದರು. ಆಮೇಲೆ, "ದಿಟ ಕಣಕ್ಕ. ಬಸ್ ಸ್ಟ್ಯಾಂಡ್‌ನಲ್ಲಿ ನಾನೇ ಕೂತ್ಕಂಡೆ. ಆ ಮಗು ಕೈ ಇಡ್ಕಂಡ್ ಎಳೀತು, ನಾನೇ ಕೊಡವ್ಕಂಡೆ" ಎಂದರು. ಅತ್ತೆ ಎದ್ದು ಒಲೆಯ ಮುಂದಿನಿಂದ ತಮ್ಮ ಮಣೆ ತೆಗೆದುಕೊಂಡು ಹೋಗಿ ಹಜಾರದಲ್ಲಿ ಕೂತರು.

ಸಂಜೆ ಹೊತ್ತು ಮುಳುಗುವ ಮುಂಚೆ ಮಾವನವರಿಗೆ ಬಡಿಸಿದೆ. ಅವರು ತುತ್ತು ಎತ್ತುವ ಮುಂಚೆ ನನಗೆ ಕೈ ಮುಗಿದರು. ನನಗೆ ಅಳು ಬರಲಿಲ್ಲ, ಕೋಪವೂ ಇಳಿಯಲಿಲ್ಲ. ಉಣ್ಣಿ ಮಾವ, ಹೊತ್ತಾಗುತ್ತದೆ ಎಂದೆ. ಆಗ ನಿಮ್ಮಣ್ಣ ತಟ್ಟೆ ತಂದುಕೊಂಡು ಪಕ್ಕದಲ್ಲಿ ಕೂತರು, ಎರಡು ತಿಂಗಳು ಏನೂ ನಡೆದೇ ಇಲ್ಲ ಎನ್ನುವ ಹಾಗೆ. ನಾನು ಪಾತ್ರೆಯನ್ನು ಅವರ ಮುಂದೆ ಇಟ್ಟು, ನೀವೇ ಬಡಿಸಿಕೊಳ್ಳಿ ಎಂದೆ. ಬಡಿಸಿಕೊಂಡರು. ಸಾರು ಕೆಳಗೆ ಚೆಲ್ಲಿತು, ಅದನ್ನೂ ಅವರೇ ಒರೆಸಿದರು.

ನೀನು ಸುಳ್ಳು ಬರೆಯದೆ ನನ್ನನ್ನು ಬಿಡಿಸಿದೆ. ಅದನ್ನು ಮರೆಯುವುದಿಲ್ಲ. ಹಾಗೆಂದು ಪಡಸಾಲೆಯ ಬಾಗಿಲಲ್ಲಿ ನಿಂತದ್ದನ್ನೂ ಮರೆಯುವುದಿಲ್ಲ. ಎರಡೂ ನನ್ನ ಹತ್ತಿರ ಇರುತ್ತವೆ.

ಮುಂದಿನ ಡ್ರಿಪ್ ಡಿಸೆಂಬರ್ ನಾಲ್ಕು, ಗುರುವಾರ. ಅವತ್ತು ಚತುರ್ದಶಿ ಎಂದು ಮಾವನವರೇ ಪಂಚಾಂಗ ನೋಡಿ ಹೇಳಿದರು. ಬರುತ್ತೇನೆ ಎಂದೂ ಹೇಳಿದ್ದಾರೆ. ಬರುತ್ತಾರೋ, ಮತ್ತೆ ಆ ಬೆಂಚಿನ ಮೇಲೆ ಕೂರುತ್ತಾರೋ ನನಗೆ ಗೊತ್ತಿಲ್ಲ. ನಾನು ಎರಡನೇ ತಾರೀಖು ಅರಕಲಗೂಡಿಗೆ, ನನ್ನ ತೌರಿಗೆ ಹೋಗುತ್ತಿದ್ದೇನೆ. ಯಾವಾಗ ಬರುತ್ತೇನೆ ಎಂದು ಯಾರಿಗೂ ಹೇಳಿಲ್ಲ. ಅಡುಗೆಗೆ ನಿಮ್ಮಣ್ಣ ಇದ್ದಾರೆ. ಮಾವನವರ ಕೈ ಹಿಡಿದು ಹಾಸನದ ಬಸ್ಸು ಹತ್ತಿಸಲು ಒಬ್ಬರು ಬೇಕು. ರಜೆ ಹಾಕಿ ಬಾ. ಈ ಸಲ ನೀನು ಎಳೆದು ನೋಡು.

ಮಾಲಿನಿ